ಮಗಳು ಸಿಕ್ಕಳು, ಮಗ ಎಲ್ಲಿ?

ಕ್ರಿಸ್ಟೊಫರ್ ನೋಲನ್ 2014ರಲ್ಲಿ ತೆಗೆದ ‘ಇಂಟರ್‌ಸ್ಟೆಲ್ಲಾರ್’ ಚಿತ್ರದ ಕೊನೆಯಲ್ಲಿ ಅಪ್ಪ-ಮಗಳ ಭೇಟಿಯ ದೃಶ್ಯವೊಂದಿದೆ. ಬರ, ಧೂಳಿನಿಂದ ಸಾಯುತ್ತಿರುವ ಭೂಮಿಗೆ ಬದಲಿ ನೆಲೆ ಹುಡುಕಲು ಹೋಗಿ, ಶನಿಗ್ರಹದ ಹತ್ತಿರ ಇನ್ನೇನು ಉಸಿರು ನಿಲ್ಲುತ್ತದೆ ಎನ್ನುವಾಗ ಸಿಕ್ಕ ಕೂಪರ್‌ಗೆ ಎಚ್ಚರವಾಗುವುದು ಒಂದು ಊರಿನಷ್ಟು ದೊಡ್ಡ ಬಾಹ್ಯಾಕಾಶ ನೌಕೆಯ ಆಸ್ಪತ್ರೆಯಲ್ಲಿ. ಭೂಮಿಯ ಲೆಕ್ಕದಲ್ಲಿ ಅವನಿಗೆ 124 ವರ್ಷ. ಮೈಗೆ ಮಾತ್ರ ಮನೆ ಬಿಟ್ಟಾಗಿನ ಪ್ರಾಯವೇ ಉಳಿದಿದೆ. ಹತ್ತು ವರ್ಷದವಳಿದ್ದಾಗ ಅಳುತ್ತ ಉಳಿದ ಮಗಳು ಮರ್ಫ್ ಈಗ ಹಣ್ಣುಹಣ್ಣು ಮುದುಕಿ. ಮಕ್ಕಳು ಮೊಮ್ಮಕ್ಕಳ ನಡುವೆ ಮಂಚ ಹಿಡಿದಿದ್ದಾಳೆ. ಇಬ್ಬರೂ ಮಾತಾಡುವುದು ಕೆಲವೇ ನಿಮಿಷ. ಮಕ್ಕಳ ಸಾವನ್ನು ಹೆತ್ತವರು ನೋಡಬಾರದೆಂದು ಅವಳೇ ಅಪ್ಪನನ್ನು ಕಳಿಸಿಕೊಡುತ್ತಾಳೆ. ಇಷ್ಟು ಕಾದ ಮೇಲೆ ಇಷ್ಟೇನಾ ಎಂದು ಅನೇಕರು ಈ ದೃಶ್ಯವನ್ನು ದೂರುತ್ತಾರೆ. ಆ ದೂರು ಸರಿಯಲ್ಲ. ಭೇಟಿ ಚಿಕ್ಕದಾದದ್ದು ಚಿತ್ರದ ಪ್ರಾಮಾಣಿಕತೆ. ತಪ್ಪಿರುವುದು ಬೇರೆ ಕಡೆ: ಆ ಕೋಣೆಯಲ್ಲಿ ಕೂಪರ್ ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ಕೇಳುವುದಿಲ್ಲ.

ಮೊದಲು ಚಿತ್ರ ಗೆದ್ದ ಕಡೆ ನೋಡೋಣ. ಅಗಲಿದವರು ಕೂಡುವ ಕತೆ ಸಾಮಾನ್ಯವಾಗಿ ಒಂದು ಸುಳ್ಳು ಹೇಳುತ್ತದೆ. ಅಪ್ಪಿಕೊಂಡ ಕೂಡಲೇ ಕಳೆದ ವರ್ಷಗಳೂ ಮರಳಿ ಬಂದವು ಎಂದು ನಂಬಿಸುತ್ತದೆ. ನಮ್ಮ ಪುರಾಣಗಳು ಇಲ್ಲಿ ಹೆಚ್ಚು ಎಚ್ಚರದಿಂದಿವೆ. ಭಾಗವತದಲ್ಲಿ ಕಂಸನನ್ನು ಕೊಂದ ಕೃಷ್ಣ ಸೆರೆಯಿಂದ ಬಿಡಿಸಿದ ತಂದೆತಾಯಿಗೆ ನಮಸ್ಕರಿಸಿದಾಗ ದೇವಕಿ-ವಸುದೇವರು ಅವನನ್ನು ತಟ್ಟನೆ ಅಪ್ಪಿಕೊಳ್ಳುವುದಿಲ್ಲ. ಎದುರಿಗಿರುವವನು ಜಗದೊಡೆಯನೆಂಬ ಅಂಜಿಕೆಯಲ್ಲಿ ಕೈಮುಗಿದು ನಿಲ್ಲುತ್ತಾರೆ. ಬಾಲ್ಯದ ಸುಖ ನಿಮಗೂ ಸಿಗಲಿಲ್ಲ, ನಮಗೂ ಸಿಗಲಿಲ್ಲ ಎಂದು ಕೃಷ್ಣನೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ ಕಕುದ್ಮಿ ಅಲ್ಲಿ ಒಂದು ಗಾನ ಮುಗಿಯುವವರೆಗೆ ಕಾಯುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡ ವರರಲ್ಲಿ ಒಬ್ಬನೂ ಉಳಿದಿರುವುದಿಲ್ಲ. ನೋಲನ್ ಚಿತ್ರವೂ ಇದೇ ನಿಷ್ಠುರ ಲೆಕ್ಕವನ್ನು ಇಡುತ್ತದೆ. ಕಪ್ಪುಕುಳಿಯ ಸಮೀಪದ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಕೂಪರ್ ಅಲ್ಲಿಂದ ಹೊರಬೀಳುವಷ್ಟರಲ್ಲಿ 23 ವರ್ಷ ಹೋಗಿರುತ್ತದೆ. ವೈಜ್ಞಾನಿಕ ಸಲಹೆಗಾರರಾಗಿದ್ದ ಭೌತವಿಜ್ಞಾನಿ ಕಿಪ್ ಥಾರ್ನ್ (2017ರಲ್ಲಿ ಅವರಿಗೆ ನೊಬೆಲ್ ಬಂತು) ಈ ಲೆಕ್ಕಕ್ಕೆ ಆಧಾರ ಒದಗಿಸಿದರು. ಹೀಗೆ ಕಳೆದ ಕಾಲ ಮರಳುವುದಿಲ್ಲವೆಂದು ಎರಡೂವರೆ ಗಂಟೆ ಹೇಳಿದ ಚಿತ್ರ ಕೊನೆಗೆ ಉದ್ದನೆಯ ಆಲಿಂಗನ ಕೊಟ್ಟಿದ್ದರೆ ತನ್ನ ಮಾತನ್ನು ತಾನೇ ಮುರಿದಂತಾಗುತ್ತಿತ್ತು.

ಆದರೆ ಕೂಪರ್‌ಗೆ ಇಬ್ಬರು ಮಕ್ಕಳು. ಟಾಮ್ ಎಂಬ ಮಗನೂ ಇದ್ದ. ಆ 23 ವರ್ಷ ಅಪ್ಪನಿಗೆ ಸಂದೇಶ ಕಳಿಸುತ್ತಲೇ ಇದ್ದವನು ಅವನು. ಸಿಟ್ಟಾಗಿದ್ದ ಮರ್ಫ್ ತನಗೆ ಅಪ್ಪ ಹೊರಟಾಗಿನ ವಯಸ್ಸು ಬರುವ ತನಕ ಒಂದು ಮಾತನ್ನೂ ಕಳಿಸಿರಲಿಲ್ಲ. ಟಾಮ್ ಒಬ್ಬ ಹುಡುಗಿ ಸಿಕ್ಕದ್ದನ್ನು ಹೇಳಿದ, ಮಗ ಹುಟ್ಟಿದ್ದನ್ನು ಹೇಳಿದ, ಆ ಮಗನನ್ನೂ ಅಜ್ಜನನ್ನೂ ಹೊಲದಲ್ಲಿ ಮಣ್ಣು ಮಾಡಿದ್ದನ್ನು ಹೇಳಿದ. ಉತ್ತರವೇ ಬಾರದಿದ್ದಾಗ ಕೊನೆಗೊಮ್ಮೆ ಅಪ್ಪನ ಆಸೆ ಬಿಟ್ಟ. ನೌಕೆಯ ಪರದೆಯೆದುರು ಕೂತು ಇದನ್ನೆಲ್ಲ ನೋಡುತ್ತ ಕೂಪರ್ ಪಾತ್ರದ ಮ್ಯಾಥ್ಯೂ ಮೆಕಾನಹೀ ಅಳುವ ದೃಶ್ಯ ಇಡೀ ಚಿತ್ರದಲ್ಲೇ ಶ್ರೇಷ್ಠವಾದದ್ದು. ಆ ಅಳುವಿನ ಬಹುಪಾಲು ಟಾಮ್‌ನದು. ಮುಂದೆ ಟಾಮ್ ಹೊಲ ಬಿಡಲೊಪ್ಪದ ಮೊಂಡನಾಗುತ್ತಾನೆ. ಅವನ ಹೆಂಡತಿ ಮಗನನ್ನು ಧೂಳಿನಿಂದ ಪಾರುಮಾಡಲು ತಂಗಿ ಅವನ ಬೆಳೆಗೇ ಬೆಂಕಿ ಇಡುತ್ತಾಳೆ. ಅವನು ಸಿಟ್ಟಿನಿಂದ ಮರಳಿದಾಗ ಅವಳು ಅಪ್ಪಿಕೊಳ್ಳುತ್ತಾಳೆ. ಅಲ್ಲಿಗೆ ಟಾಮ್ ಚಿತ್ರದಿಂದ ಮರೆಯಾಗುತ್ತಾನೆ. ಕೊನೆಯ ಭೇಟಿಯಲ್ಲಿ ಅಪ್ಪ ಅವನ ಹೆಸರು ಎತ್ತುವುದಿಲ್ಲ, ತಂಗಿ ಹೇಳುವುದೂ ಇಲ್ಲ.

ಈ ಲೋಪ ಎಲ್ಲರ ಕಣ್ಣಿಗೂ ಒಂದೇ ಥರ ಬೀಳಲಿಕ್ಕಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಕಡೆಯಿಂದ ನೋಡಿದರೆ ಅದು ಎದ್ದು ಕಾಣುತ್ತದೆ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿದ್ದ ಜಿಲ್ಲೆಯಿದು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಭೀಮೆ. ಆದರೂ ಮಳೆ ಕೈಕೊಟ್ಟ ವರ್ಷ ಇಂಡಿಯ ಲಿಂಬೆ ತೋಟಗಳಿಗೆ ಟ್ಯಾಂಕರ್ ನೀರು ಹೊಡೆಯಬೇಕಾಗುತ್ತದೆ. ಎರೆ ಹೊಲದ ಹಿಂಗಾರಿ ಜೋಳ ಒಣಗಿದರೆ ಹಳ್ಳಿಗಳಿಂದ, ತಾಂಡಾಗಳಿಂದ ಜನ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಯವರೆಲ್ಲರೂ ಒಮ್ಮೆಗೇ ಹೋಗುವುದಿಲ್ಲ. ಅಜ್ಜ-ಅಜ್ಜಿ, ಶಾಲೆಗೆ ಹೋಗುವ ಮಕ್ಕಳು, ಹೊಲ-ದನ ನೋಡಿಕೊಳ್ಳಲು ಒಬ್ಬ ಅಣ್ಣನೋ ತಮ್ಮನೋ ಉಳಿಯುತ್ತಾರೆ. ಹೋದವನು ದುಡ್ಡು ಕಳಿಸುತ್ತಾನೆ, ಉಳಿದವನು ಮನೆ ಹಿಡಿದಿಡುತ್ತಾನೆ. ಇಬ್ಬರೂ ಇಲ್ಲದೆ ಗುಳೆ ನಡೆಯುವುದೇ ಇಲ್ಲ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್‌ನಿಂದ ಕಂಗೆಟ್ಟು ಮಹಾರಾಷ್ಟ್ರದಿಂದ ಮರಳಿದವರನ್ನು ಮನೆಗೆ ಬಿಡುವ ಮೊದಲು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಲಾಯಿತು. ಪಾರಾಗಿ ಬಂದ ಹೆತ್ತವರು ಗೇಟಿನೊಳಗೆ, ಮಕ್ಕಳು ಹೊರಗೆ. ಆ ಹೊತ್ತಿನಲ್ಲಿ ಗೇಟಿನಾಚೆ ಬುತ್ತಿ ತಂದುಕೊಡಬಲ್ಲವರು ಊರಲ್ಲಿ ಉಳಿದವರು ಮಾತ್ರ. ಟಾಮ್ ಮಾಡಿದ್ದು ಆ ಉಳಿದವರ ಕೆಲಸವನ್ನೇ.

ಇದಕ್ಕೆ ಆಕ್ಷೇಪಗಳಿವೆ. ಇದು ಅಪ್ಪ-ಮಗಳ ಕತೆ, ಎಲ್ಲರಿಗೂ ಮುಕ್ತಾಯ ಕೊಡುತ್ತ ಕೂರಲಾಗದು ಎನ್ನಬಹುದು. ಮೊದಲಿನ ಚಿತ್ರಕತೆಯಲ್ಲಿ ಮರ್ಫ್ ಪಾತ್ರವೇ ಹುಡುಗನದಾಗಿತ್ತು. ನೋಲನ್ ಅದನ್ನು ಹುಡುಗಿಯಾಗಿ ಬದಲಿಸಿ ಆ ಒಂದು ನಂಟನ್ನೇ ಕೇಂದ್ರವಾಗಿಸಿಕೊಂಡರು ಎಂಬುದೂ ನಿಜ. ಆದರೆ ಟಾಮ್‌ನನ್ನು ನಮ್ಮ ಮನಸ್ಸಿಗೆ ಹಚ್ಚಿದ್ದು ಚಿತ್ರವೇ. ಅವನ ಸಂದೇಶಗಳಿಂದ ನಮ್ಮ ಕಣ್ಣೀರು ಪಡೆದ ಮೇಲೆ ಅವನ ಋಣವೂ ಚಿತ್ರದ ಮೇಲಿರುತ್ತದೆ. ಅಷ್ಟು ವರ್ಷ ಕಳೆದ ಮೇಲೆ ಅವನು ಸತ್ತಿರುವುದು ಹೇಳದೆಯೂ ತಿಳಿಯುತ್ತದೆ ಎಂಬುದು ಎರಡನೆಯ ಆಕ್ಷೇಪ. ತಿಳಿಯುತ್ತದೆ, ಒಪ್ಪೋಣ. ಸತ್ತ ಮಗನ ವಿಚಾರವನ್ನು ಅಪ್ಪ ಕೇಳಬೇಕಾಗಿಲ್ಲವೇ? ಅವನು ಹೇಗೆ ಸತ್ತ, ಅವನ ಮಗ ಬದುಕಿದನೇ ಎಂದು ಕೇಳುವುದು ಸುದ್ದಿ ತಿಳಿಯಲಿಕ್ಕಲ್ಲ, ಅವನಿದ್ದನೆಂದು ಒಪ್ಪಿಕೊಳ್ಳಲಿಕ್ಕೆ. ಹಾಲಿವುಡ್ ಚಿತ್ರಕ್ಕೆ ವಿಜಯಪುರದ ಬರದ ಅಳತೆಗೋಲು ಹಿಡಿಯುವುದು ಅನ್ಯಾಯ ಎಂದೂ ಕೆಲವರು ಹೇಳಿಯಾರು. ಆ ಅಳತೆಗೋಲನ್ನು ಚಿತ್ರವೇ ಒದಗಿಸಿದೆ. ಅದು ಶುರುವಾಗುವುದೇ ಧೂಳಿನ ದಿನಗಳನ್ನು ನೆನೆಯುವ ಮುದುಕ-ಮುದುಕಿಯರ ಮಾತುಗಳಿಂದ. ಅವರಲ್ಲಿ ಹೆಚ್ಚಿನವರು ನಟರಲ್ಲ. 1930ರ ದಶಕದ ಅಮೆರಿಕದ ಬರವನ್ನು ಬಾಳಿ ಬಂದವರು ಕೆನ್ ಬರ್ನ್ಸ್ ಅವರ 2012ರ ಸಾಕ್ಷ್ಯಚಿತ್ರಕ್ಕೆ ಕೊಟ್ಟ ನಿಜವಾದ ಮಾತುಗಳವು. ನಿಜದ ಬರದಿಂದ ಸಾಕ್ಷಿ ಪಡೆದ ಕಲಾಕೃತಿಯನ್ನು ನಿಜದ ಬರ ಕಂಡವರು ಪ್ರಶ್ನಿಸಬಹುದು.

ಈ ಲೋಪ ಬರೀ ಮರೆವಲ್ಲ ಎಂದು ನನಗನ್ನಿಸಲು ಕಾರಣವಿದೆ. ನೆಲವನ್ನು ಕಚ್ಚಿ ಕೂತವರನ್ನು ಚಿತ್ರ ಮೊದಲಿನಿಂದಲೂ ಸ್ವಲ್ಪ ಕೀಳಾಗಿ ಕಾಣುತ್ತದೆ. ಮಗ ರೈತನಾಗಲಿಕ್ಕೇ ಸರಿ ಎಂದು ಶಾಲೆಯವರು ಹೇಳಿದಾಗ ಕೂಪರ್‌ಗೆ ಅವಮಾನವಾಗುತ್ತದೆ. ನಕ್ಷತ್ರ ನೋಡುವವರು ದೊಡ್ಡವರು, ಮಣ್ಣು ನೋಡುವವರು ಸಣ್ಣವರು ಎಂಬುದು ಅದರ ಒಳಮನಸ್ಸು. ಹಾಗಾಗಿಯೇ ಕೊನೆಯ ಭೇಟಿ ಬಿಟ್ಟುಹೋದವನಿಗೂ ಲೋಕ ಉಳಿಸಿದವಳಿಗೂ ನಡುವಿನ ಮಾತಾಗಿ ಮುಗಿಯುತ್ತದೆ. ಆ ನೌಕೆಯಲ್ಲಿ ಕೂಪರ್‌ನ ಹಳೆಯ ತೋಟದ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಕೂಪರ್ ಅದರ ಜಗಲಿಯಲ್ಲಿ ಕೂತು ಬಿಯರ್ ಕುಡಿಯುತ್ತಾನೆ. ಆ ಮನೆಯಲ್ಲಿ ಕೊನೆಯತನಕ ಉಳಿದು ಒಕ್ಕಲುತನ ಮಾಡಿದವನು ಟಾಮ್. ಕೂಪರ್ ತೊರೆದದ್ದೂ ಮರ್ಫ್ ಬಿಟ್ಟದ್ದೂ ಅದನ್ನೇ. 169 ನಿಮಿಷದ ಚಿತ್ರದಲ್ಲಿ ಆ ಜಗಲಿಯ ಮೇಲೆ ಮಗನ ಬಗ್ಗೆ ಒಂದು ಮಾತಿಗೆ ಜಾಗವಿತ್ತು. ಆ ಒಂದು ಮಾತು ಬಂದಿದ್ದರೆ ಮಗಳ ಭೇಟಿ ಚಿಕ್ಕದಾಗುತ್ತಿರಲಿಲ್ಲ, ಪೂರ್ತಿಯಾಗುತ್ತಿತ್ತು.