ಆರು ಲಕ್ಷಣ, ಎರಡು ದಂಡಿ

ನಮ್ಮ ವಾಚನಾಲಯಕ್ಕೆ ಬರುವ ಹುಡುಗರು ನೌಕರಿ ಪರೀಕ್ಷೆಗೆಂದು ಓದುವ ಗೈಡುಗಳಲ್ಲಿ 'ಜಾತಿ ಮತ್ತು ಬುಡಕಟ್ಟು' ಎಂಬ ಪಾಠ ಇದ್ದೇ ಇರುತ್ತದೆ. ಜಾತಿಗೆ ಜಿ.ಎಸ್. ಘುರ್ಯೆ ಹೇಳಿದ ಆರು ಲಕ್ಷಣ. ಬುಡಕಟ್ಟಿಗೆ ಗುಡ್ಡಗಾಡು, ಸ್ವಂತ ಭಾಷೆ, ಹೊರಗಿನವರ ಸಂಪರ್ಕ ಕಡಿಮೆ. ನಡುವೆ ಒಂದು ಗೆರೆ. ನನ್ನ ತಕರಾರು ಆ ಗೆರೆಯ ಬಗ್ಗೆ.

ಘುರ್ಯೆಯವರ ಪುಸ್ತಕ ಬಂದದ್ದು 1932ರಲ್ಲಿ. ತುಂಡಾದ ಸಮಾಜ, ಮೇಲು-ಕೀಳು, ಉಣ್ಣೋ ಕುಡಿಯೋ ಕಟ್ಟು, ಕೆಲವರಿಗೆ ಹಕ್ಕು ಕೆಲವರಿಗೆ ಅಡ್ಡಿ, ಕಸುಬಿನ ಕಟ್ಟು, ಲಗ್ನದ ಕಟ್ಟು. ಇದರಾಗ ಸುಳ್ಳು ಯಾವುದೂ ಇಲ್ಲ. ನಮ್ಮೂರಾಗ ಇದನ್ನ ಗೈಡು ಓದಿ ಕಲಿಯೋರೂ ಇಲ್ಲ.

ಆದರೆ ದೇವಸೂಗೂರಿನ ಸೇತುವೆ ದಾಟಿ ನೋಡಿರಿ. ರಾಯಚೂರು ದಂಡಿಯ ನಾಯಕರು, ಅಂದರೆ ಬ್ಯಾಡರು, ವಾಲ್ಮೀಕಿಗಳು, ಕರ್ನಾಟಕದಲ್ಲಿ ಎಸ್.ಟಿ. ಈಚೆ ದಂಡಿಯ ಬೋಯರು ಅದೇ ಮಂದಿ, ಅದೇ ವಾಲ್ಮೀಕಿಯ ಹೆಸರು ಹೇಳೋರು, ಇವರು ಬಿ.ಸಿ.-ಎ. ಲಂಬಾಣಿಗಳದು ಇದರ ತಿರುವುಮುರುವು. ತೆಲಂಗಾಣದಲ್ಲಿ ಅವರು ಎಸ್.ಟಿ., ಕರ್ನಾಟಕದಲ್ಲಿ ಎಸ್.ಸಿ. ಬೇರೆ ತಾಂಡಾ, ಬೇರೆ ಭಾಷೆ ಇದ್ದ ಲಂಬಾಣಿ ಅಲ್ಲಿ 'ಜಾತಿ'. ಸುರಪುರದಲ್ಲಿ ಕೋಟೆ ಕಟ್ಟಿ ರಾಜ್ಯ ಆಳಿದ ಬ್ಯಾಡರ ಕುಲ ಅಲ್ಲಿ 'ಬುಡಕಟ್ಟು'. ಗೈಡಿನ ಲಕ್ಷಣ ಯಾವುದಕ್ಕೆ ಹೊಂದಿತು?

ನಿಜಾಮನ ಕಾಲಕ್ಕೆ ಈ ಎರಡೂ ದಂಡಿ ಒಂದೇ ರಾಜ್ಯ. ಗದ್ವಾಲ್ ರಾಯಚೂರು ಜಿಲ್ಲೆಯಲ್ಲಿತ್ತು, ಕೊಡಂಗಲ್ ಗುಲಬರ್ಗಾದಲ್ಲಿ. 1956ರ ನವೆಂಬರ್ 1ಕ್ಕೆ ರಾಜ್ಯದ ಗೆರೆ ಬಿತ್ತು. ಬೀಗಸ್ತನ ಮಾತ್ರ ಗೆರೆ ನೋಡಲಿಲ್ಲ.

ನನಗೆ ಗೊತ್ತಿರುವ ಒಂದು ಬೋಯರ ಮನೆಗೆ ರಾಯಚೂರು ಕಡೆಯಿಂದ ಸೊಸಿ ಬಂದಾಳ. ತವರಿನ ಎಸ್.ಟಿ. ಸರ್ಟಿಫಿಕೇಟು ಟ್ರಂಕಿನಾಗ ಐತಿ. ಇಲ್ಲಿ ಅದು ನಡೆಯೋದಿಲ್ಲ. ಒಂದು ರಾಜ್ಯದ ಪಟ್ಟಿಯ ಹಕ್ಕು ಇನ್ನೊಂದಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಅಣ್ಣನ ಮಕ್ಕಳು ಎಸ್.ಟಿ., ಆಕಿ ಮಕ್ಕಳು ಬಿ.ಸಿ. ಜಾತ್ರಿಗೆ ಹೋದಾಗ ಒಂದೇ ಗಂಗಾಳದಾಗ ಉಣ್ಣತಾವ. "ಸರ್, ನಮ್ಮ ಮಾವನ ಮಕ್ಕಳು ಬುಡಕಟ್ಟಾದ್ರ ನಾವ್ಯಾಕ ಅಲ್ಲ?" ಅಂತ ದೊಡ್ಡ ಹುಡುಗಿ ಕೇಳಿದಳು. ಗೈಡು ಕೈಯಾಗ ಹಿಡಕೊಂಡೇ ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದವನು ನಾನು; ಆವತ್ತು ಚಾ ತರಿಸಿ ಮಾತು ತೇಲಿಸಿದೆ.

ಉತ್ತರ ಇಲ್ಲದ್ದಲ್ಲ. ಬುಡಕಟ್ಟು ಯಾವುದೆಂದು ಕಾನೂನಿನ ಲೆಕ್ಕಕ್ಕೆ ಹೇಳುವುದು ಸಂವಿಧಾನದ 342ನೆಯ ವಿಧಿಯ ಪಟ್ಟಿ. ಅದನ್ನು ತಿದ್ದುವುದು ಸಂಸತ್ತು. ಇಲ್ಲಿಯ ಲಂಬಾಡಿಗಳು ಪಟ್ಟಿಗೆ ಬಂದದ್ದು 1976ರ ತಿದ್ದುಪಡಿಯಿಂದ. ವಾಲ್ಮೀಕಿ ಬೋಯರನ್ನು ಸೇರಿಸಿರೆಂದು ತೆಲಂಗಾಣ ವಿಧಾನಸಭೆ 2023ರ ಫೆಬ್ರುವರಿಯಲ್ಲಿ ಠರಾವು ಮಾಡಿತು. ಬೆಟ್ಟ, ಭಾಷೆ, ದೇವರ ಜೊತೆಗೆ ಅರ್ಜಿ, ಆಯೋಗ, ಓಟು ಇವೂ ಈ ಪಾಠದೊಳಗೆ ಬರಬೇಕು.

ಘುರ್ಯೆಯವರಿಗೆ ಇದು ಗೊತ್ತಿರಲಿಲ್ಲ ಅನ್ನಬೇಡಿ. ಬ್ರಿಟಿಷರ ಜನಗಣತಿ ಜಾತಿಗಳನ್ನು ಮೇಲು-ಕೀಳಿನ ಸಾಲಿನಲ್ಲಿ ಬರೆದು ಜಗಳ ಬೆಳೆಸಿತೆಂದು ಅವರೇ ಬರೆದಿದ್ದಾರೆ. ಗೈಡಿನವರು ಆರು ಲಕ್ಷಣ ಎತ್ತಿಕೊಂಡು ಆ ಭಾಗ ಬಿಟ್ಟರು. ನಮ್ಮ ಮಾಸ್ತರರು ಈ ಪಾಠ ಮಾಡುವಾಗ ಎರಡೂ ರಾಜ್ಯದ ಪಟ್ಟಿ ಪಕ್ಕಪಕ್ಕ ಇಟ್ಟು ಓದಿಸಲಿ. ಆ ಹುಡುಗಿ ಮುಂದಿನ ವಾರ ಮತ್ತೆ ಬರ್ತಾಳ.