ವಯಸ್ಸು ಬದಿಗಿಟ್ಟು ಬೋಪಣ್ಣ

ರೋಹನ್ ಬೋಪಣ್ಣ ಅವರ ಬಗ್ಗೆ ಬಂದಿರುವ ಬರಹಗಳಲ್ಲಿ ವಯಸ್ಸಿಗೆ ಸಿಕ್ಕಷ್ಟು ಜಾಗ ಆಟಕ್ಕೆ ಸಿಕ್ಕಿಲ್ಲ. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ತುಂಬಿ ಹತ್ತು ತಿಂಗಳಾಗಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ವಿಶ್ವದ ಒಂದನೇ ಸ್ಥಾನ. ಅದೇ ವರ್ಷ ಪದ್ಮಶ್ರೀ. ಪತ್ರಿಕೆಗಳು 43 ಎಂಬ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಮಡಿಕೇರಿಯ ಕಾಫಿ ಬೆಳೆಗಾರರ ಮಗ, ಸವೆದ ಮಂಡಿಗಳು, ಅಯ್ಯಂಗಾರ್ ಯೋಗ, ಛಲ: ಕಥೆ ತಾನಾಗಿ ಸಿದ್ಧವಾಯಿತು. ಆದರೆ ಒಬ್ಬ ಆಟಗಾರನನ್ನು ಹಿಂದಿನವರ ಪಕ್ಕದಲ್ಲಿ ನಿಲ್ಲಿಸಿ ಅಳೆಯಬೇಕಾದಾಗ ಈ ಕಥೆ ಅಷ್ಟಾಗಿ ನೆರವಿಗೆ ಬರುವುದಿಲ್ಲ.

ಓಪನ್ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾನ್‌ಸ್ಲಾಮ್ ಗೆದ್ದ ಅತಿ ಹಿರಿಯ ಎಂಬ ದಾಖಲೆಯ ಬೆಲೆ ಎಷ್ಟೆಂದು ತಿಳಿಯಲು ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂದು ನೋಡಿದರೆ ಸಾಕು. 2013ರಲ್ಲಿ ರಾಡೆಕ್ ಸ್ಟೆಪಾನೆಕ್ ಜೊತೆ ಅಮೆರಿಕನ್ ಓಪನ್ ಗೆದ್ದ ಲಿಯಾಂಡರ್ ಪೇಸ್ ಅವರಿಗೆ ಆಗಲೇ 40 ದಾಟಿತ್ತು. 2022ರ ಫ್ರೆಂಚ್ ಓಪನ್‌ನಲ್ಲಿ ಜೀನ್-ಜೂಲಿಯನ್ ರೋಯರ್ ಆ ಗಡಿಯನ್ನು ಕೆಲವು ತಿಂಗಳು ಮುಂದಕ್ಕೆ ತಳ್ಳಿದರು. ಈಗ ಅದು ಬೋಪಣ್ಣ ಅವರದು. ಡಬಲ್ಸ್ ಆಟಗಾರರು ಹೆಚ್ಚು ಕಾಲ ಬಾಳುತ್ತಾರೆ ಎಂಬುದಷ್ಟೇ ಇದರಿಂದ ಗೊತ್ತಾಗುವುದು.

ಇಳಿವಯಸ್ಸಿನ ಗೆಲುವುಗಳಲ್ಲೂ ತರತಮ ಇದೆ. ಹೆವಿವೇಯ್ಟ್ ಬಾಕ್ಸಿಂಗ್‌ನ ಜಾರ್ಜ್ ಫೋರ್‌ಮನ್ 1974ರಲ್ಲಿ ಕಿನ್ಶಾಸಾದಲ್ಲಿ ಮಹಮ್ಮದ್ ಅಲಿಗೆ ಸೋತು ಕಳೆದುಕೊಂಡ ಪಟ್ಟವನ್ನು ಇಪ್ಪತ್ತು ವರ್ಷಗಳ ಮೇಲೆ, 45ರ ಹರೆಯದಲ್ಲಿ, ಮೈಕೆಲ್ ಮೂರರ್ ಅವರಿಂದ ಮರಳಿ ಪಡೆದರು. ಆ ರಾತ್ರಿ ಅಂಕಪಟ್ಟಿಯಲ್ಲಿ ಹಿಂದೆ ಬಿದ್ದಿದ್ದ ಅವರನ್ನು ಹತ್ತನೇ ಸುತ್ತಿನಲ್ಲಿ ಬಲಗೈಯ ಒಂದು ಪೆಟ್ಟು ಉಳಿಸಿತು. ಬಾಕ್ಸಿಂಗ್‌ನಲ್ಲಿ ಅದಕ್ಕೆ ಅವಕಾಶವಿದೆ, ಟೆನಿಸ್‌ನಲ್ಲಿ ಇಲ್ಲ. ಬೋಪಣ್ಣ ಒಂದನೇ ಸ್ಥಾನಕ್ಕೆ ಬಂದದ್ದು ಹನ್ನೆರಡು ತಿಂಗಳ ಒಟ್ಟು ಲೆಕ್ಕದಿಂದ. 2023ರಲ್ಲಿ ಇಂಡಿಯನ್ ವೆಲ್ಸ್ ಪ್ರಶಸ್ತಿ, ವಿಂಬಲ್ಡನ್ ಸೆಮಿಫೈನಲ್, ಅಮೆರಿಕನ್ ಓಪನ್ ಫೈನಲ್. ಮೆಲ್ಬರ್ನ್ ಆದ ಎರಡು ತಿಂಗಳಿಗೆ ಮಯಾಮಿ. ಇಷ್ಟನ್ನು ಕಾಕತಾಳೀಯ ಎನ್ನಲಾಗದು. 2021ರಲ್ಲಿ ತಿಂಗಳುಗಟ್ಟಲೆ ಗೆಲುವೇ ಕಾಣದೆ ಆಟ ಬಿಡುವ ಯೋಚನೆ ಮಾಡಿದ್ದಾಗಿ ಹೇಳಿಕೊಂಡವರು ಇವರೇ.

ಹಾಗಾದರೆ ಪೇಸ್ ಮತ್ತು ಮಹೇಶ್ ಭೂಪತಿ ಪಕ್ಕದಲ್ಲಿ ಅವರ ಜಾಗ ಯಾವುದು? ಕಪ್ಪುಗಳನ್ನು ಎಣಿಸಿದರೆ ವಾದಕ್ಕೆ ಆಸ್ಪದವೇ ಇಲ್ಲ. ಪೇಸ್: ಪುರುಷರ ಡಬಲ್ಸ್‌ನಲ್ಲಿ 8, ಮಿಶ್ರ ಡಬಲ್ಸ್‌ನಲ್ಲಿ 10 ಗ್ರ್ಯಾನ್‌ಸ್ಲಾಮ್. ಭೂಪತಿ: 4 ಮತ್ತು 8. ಬೋಪಣ್ಣ: ಒಂದು ಮತ್ತು ಒಂದು. 2017ರಲ್ಲಿ ಗೇಬ್ರಿಯೆಲಾ ಡಬ್ರೌಸ್ಕಿ ಜೊತೆ ಗೆದ್ದ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಸೇರಿದರೂ ಅಷ್ಟೇ. ಅಭಿಮಾನಿಗಳು ಇಲ್ಲಿ ಎಷ್ಟು ಗುದ್ದಾಡಿದರೂ 18ರ ಎದುರು 2 ಎರಡೇ.

ಲೆಕ್ಕದಾಚೆಗಿನ ವಾದವೊಂದಿದೆ, ಅದು ಹೆಚ್ಚು ಕುತೂಹಲದ್ದು. ಎದುರಾಳಿ ಯಾರು ಎಂಬ ಪ್ರಶ್ನೆ. ಪ್ರತಿ ಹೊಸ ಹೆವಿವೇಯ್ಟ್ ಚಾಂಪಿಯನ್‌ಗೂ ಹಳಬರು ಇದನ್ನೇ ಕೇಳುತ್ತಾರೆ: ನೀನು ಹೊಡೆದುರುಳಿಸಿದ್ದು ಯಾರನ್ನು? 1999ರಲ್ಲಿ ಪೇಸ್-ಭೂಪತಿ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳ ಫೈನಲ್ ತಲುಪಿ ಎರಡನ್ನು ಗೆದ್ದರು. ಆ ವರ್ಷ ಮೆಲ್ಬರ್ನ್‌ನಲ್ಲಿ ಐದು ಸೆಟ್‌ಗಳ ಹೋರಾಟದಲ್ಲಿ ಅವರನ್ನು ಸೋಲಿಸಿದ ಜೋಡಿಯಲ್ಲಿ ಪ್ಯಾಟ್ರಿಕ್ ರಾಫ್ಟರ್ ಇದ್ದರು; ಹಿಂದಿನ ಎರಡು ವರ್ಷ ಅಮೆರಿಕನ್ ಓಪನ್ ಸಿಂಗಲ್ಸ್ ಗೆದ್ದವರು. ಪ್ಯಾರಿಸ್ ಫೈನಲ್‌ನಲ್ಲಿ ಅವರೆದುರು ಸೋತ ಜೋಡಿಯಲ್ಲಿ ಗೊರಾನ್ ಇವಾನಿಸೆವಿಚ್; ಮುಂದೆ ವಿಂಬಲ್ಡನ್ ಸಿಂಗಲ್ಸ್ ಚಾಂಪಿಯನ್. ಇಂದು ಮೊದಲ ಸಾಲಿನ ಸಿಂಗಲ್ಸ್ ಆಟಗಾರರು ಗ್ರ್ಯಾನ್‌ಸ್ಲಾಮ್ ಡಬಲ್ಸ್ ಕಡೆ ತಲೆ ಹಾಕುವುದೇ ಅಪರೂಪ. ಬೋಪಣ್ಣ ಫೈನಲ್‌ನಲ್ಲಿ ಮಣಿಸಿದ ಸಿಮೋನೆ ಬೊಲೆಲ್ಲಿ, ಆಂಡ್ರಿಯಾ ವವಸೋರಿ ಹೆಸರು ಮನೆಮಾತಲ್ಲ.

ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಅದೇ ಬೊಲೆಲ್ಲಿ-ವವಸೋರಿ 2024ರ ಫ್ರೆಂಚ್ ಓಪನ್ ಫೈನಲ್‌ಗೂ ಮರುವರ್ಷ ಮತ್ತೆ ಮೆಲ್ಬರ್ನ್ ಫೈನಲ್‌ಗೂ ಬಂದರು. ಬೊಲೆಲ್ಲಿ 2015ರಲ್ಲೇ ಫಾಬಿಯೊ ಫೊನಿನಿ ಜೊತೆ ಅಲ್ಲಿ ಚಾಂಪಿಯನ್ ಆಗಿದ್ದವರು. ಸೆಮಿಫೈನಲ್‌ನಲ್ಲಿ ಬೋಪಣ್ಣ-ಎಬ್ಡೆನ್ ಅವರನ್ನು ಮೂರನೇ ಸೆಟ್‌ನ ಟೈಬ್ರೇಕರ್‌ವರೆಗೆ ಎಳೆದ ತೊಮಾಸ್ ಮಹಾಚ್ ಮತ್ತು ಜಾಂಗ್ ಝಿಜೆನ್ ಸಿಂಗಲ್ಸ್ ಆಟಗಾರರೇ. ದೊಡ್ಡ ಹೆಸರುಗಳು ಬಿಟ್ಟುಹೋದ ಜಾಗವನ್ನು ಡಬಲ್ಸನ್ನೇ ಕಸುಬು ಮಾಡಿಕೊಂಡವರು ತುಂಬಿದ್ದಾರೆ, ಆ ಕಸುಬುದಾರರು ಸುಲಭದ ತುತ್ತಲ್ಲ.

ಎದುರಾಳಿಗಳ ಲೆಕ್ಕವನ್ನು ಬೋಪಣ್ಣನವರ ಕೊಡಗು ತನ್ನ ಹಳೆಯ ವೀರರಿಗೆ ಎಂದೂ ಹಚ್ಚಿಲ್ಲ ಎಂಬುದೂ ನಿಜ. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಮನೆಯಪಂಡ ಸೋಮಯ್ಯ ಇದ್ದರು. ಬಹಿಷ್ಕಾರದಿಂದಾಗಿ ಪಾಕಿಸ್ತಾನ, ಪಶ್ಚಿಮ ಜರ್ಮನಿ, ಆಸ್ಟ್ರೇಲಿಯಾ, ನೆದರ್‌ಲೆಂಡ್ಸ್ ಬರಲೇ ಇಲ್ಲ. ಇದ್ದದ್ದು ಆರು ತಂಡ, ಟಾಂಜಾನಿಯ ಎದುರು ಭಾರತ ಹೊಡೆದ ಗೋಲು 18. ಆ ಚಿನ್ನದ ತೂಕ ಕಡಿಮೆ ಎಂದು ಕೊಡವ ಕುಟುಂಬಗಳ ಹಾಕಿ ಹಬ್ಬದ ಗ್ಯಾಲರಿಯಲ್ಲಿ ಕೂತು ಹೇಳಿ ನೋಡಲಿ ಯಾರಾದರೂ! ಅದಕ್ಕೆ ಏಳು ವರ್ಷ ಮೊದಲು, ಬಹುತೇಕ ಘಟಾನುಘಟಿಗಳಿದ್ದ 1973ರ ವಿಶ್ವಕಪ್‌ನಲ್ಲಿ ಕೊಡಗಿನವರೇ ಆದ ಮೊಳ್ಳೇರ ಗಣೇಶ್ ನಾಯಕತ್ವದ ಭಾರತ ತಂಡ ಫೈನಲ್‌ನಲ್ಲಿ 2–0 ಮುಂದಿದ್ದು ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತಿತು. ಎದುರಾಳಿಗಳನ್ನು ತೂಗಿ ನೋಡಿದರೆ ಆ ಬೆಳ್ಳಿ ಮಾಸ್ಕೊ ಚಿನ್ನಕ್ಕಿಂತ ಭಾರ. ಆದರೂ ನೆನಪು ಚಿನ್ನದ ಕಡೆಗೇ ವಾಲುತ್ತದೆ. ಸೋಮಯ್ಯನವರಿಗೆ ಕೊಟ್ಟ ರಿಯಾಯಿತಿಯನ್ನು ಬೋಪಣ್ಣನವರಿಗೆ ನಿರಾಕರಿಸುವುದು ಸರಿಯಲ್ಲ.

ಇನ್ನು ಆಟ. ಹನ್ನೊಂದನೇ ವಯಸ್ಸಿನಲ್ಲಿ ರ‍್ಯಾಕೆಟ್ ಹಿಡಿದ ಬೋಪಣ್ಣನವರ ಮೆಚ್ಚಿನ ಆಟಗಾರ ಸ್ಟೆಫಾನ್ ಎಡ್ಬರ್ಗ್. ಸರ್ವ್ ಮಾಡಿ ನೆಟ್ ಕಡೆ ಧಾವಿಸುವ ಆ ಸ್ವೀಡಿಷ್ ನಯ ಇವರ ಕೈಗೆ ಪೂರ್ತಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆರಡಿ ದಾಟಿದ ಎತ್ತರದಿಂದ ಇಳಿಯುವ ಸರ್ವ್ ಅವರ ಬಂಡವಾಳ. ಪೇಸ್ ಅವರ ಸರ್ವ್ ಸಾಧಾರಣ. ಅವರ ಮಾಯೆ ನೆಟ್ ಹತ್ತಿರದ ಕೈಗಳಲ್ಲಿತ್ತು. ಎದುರಾಳಿ ಚೆಂಡು ಹೊಡೆಯುವ ಮುನ್ನವೇ ಅವರು ಹೊರಟಿರುತ್ತಿದ್ದರು. ಭೂಪತಿ ಅವರದು ಬ್ಯಾಕ್‌ಹ್ಯಾಂಡ್ ರಿಟರ್ನ್, ಎದುರಾಳಿಯ ಸರ್ವ್ ಮುರಿಯುವ ಮೊದಲ ಆಯುಧ. ಹೀಗಾಗಿ ಅವರಿಬ್ಬರೂ ಎದುರಾಳಿಯ ಗೇಮ್‌ಗೆ ನುಗ್ಗಿ ಗೆಲ್ಲಬಲ್ಲವರಾಗಿದ್ದರು. ಬೋಪಣ್ಣ ತಮ್ಮ ಗೇಮನ್ನು ಭದ್ರವಾಗಿ ಕಾದುಕೊಂಡು ಟೈಬ್ರೇಕರ್‌ಗೆ ಕಾಯುವವರು. ಮೆಲ್ಬರ್ನ್ ಫೈನಲ್‌ನ 7–6, 7–5 ಇದನ್ನೇ ಹೇಳುತ್ತದೆ. ಆ ಟೈಬ್ರೇಕರ್ ಮಾತ್ರ 7–0!

ಈ ಬಗೆಯ ಆಟಕ್ಕೆ ಕಾಲವೂ ಅನುಕೂಲವಾಯಿತು. ಎರಡು ದಶಕದ ಹಿಂದೆ ಎಟಿಪಿ ಟೂರ್ನಿಗಳ ಡಬಲ್ಸ್‌ನಲ್ಲಿ ಡ್ಯೂಸ್ ಆದ ಮೇಲೆ ಒಂದೇ ಅಂಕಕ್ಕೆ ಗೇಮ್ ತೀರ್ಮಾನ, ಮೂರನೇ ಸೆಟ್ ಬದಲು ಹತ್ತು ಅಂಕಗಳ ಟೈಬ್ರೇಕರ್ ಎಂಬ ನಿಯಮ ಬಂತು. 1999ರಲ್ಲಿ ಪೇಸ್-ಭೂಪತಿ ಐದು ಸೆಟ್ ಆಡಿದ ಅದೇ ಮೆಲ್ಬರ್ನ್ ಫೈನಲ್ ಈಗ ಮೂರು ಸೆಟ್‌ಗಳದ್ದು. 43ರ ಮಂಡಿಗಳು ಐದು ಸೆಟ್‌ಗಳ ಫೈನಲ್ ದಾಟುತ್ತಿದ್ದವೇ ಎಂಬ ಅನುಮಾನ ಏಳುವುದು ಸಹಜ. ಆದರೆ ಕಾಲ ಕಿತ್ತುಕೊಂಡದ್ದೂ ಇದೆ. ಪಾಲಿಯೆಸ್ಟರ್ ತಂತಿಗಳು ಬಂದ ಮೇಲೆ ರಿಟರ್ನ್‌ಗಳು ವೇಗವಾಗಿ ಬಂದು ವಾಲಿ ಮಾಡುವವನ ಕಾಲ ಬಳಿ ಕುಸಿಯುತ್ತವೆ. ನೆಟ್ ಬಳಿ ನಿಂತು ಆಳುವ ಕೆಲಸ 1999ಕ್ಕಿಂತ ಈಗ ಕಷ್ಟ. ಅಂಥ ರಿಟರ್ನ್‌ಗಳ ಕಾಲದಲ್ಲಿ ಬರೀ ಸರ್ವ್ ಬಲದಿಂದ ಅಂಕಗಳನ್ನು ಗಿಡ್ಡ ಮಾಡಿ, ಓಟವನ್ನು ಉಳಿಸಿ ಆಡಿದ್ದು ಬೋಪಣ್ಣನವರ ಜಾಣತನ. ಭಾರತದ ಡಬಲ್ಸ್ ಕಂಡ ಅತ್ಯುತ್ತಮ ಸರ್ವ್ ಅವರದೇ ಎಂಬುದರಲ್ಲಿ ಈ ಲೇಖಕನಿಗೆ ಅನುಮಾನವಿಲ್ಲ.

ಜೊತೆಗಾರರ ವಿಷಯದಲ್ಲಿ ಮಾತು ಸ್ವಲ್ಪ ಕಟುವಾಗಲೇಬೇಕು. ಪೇಸ್ ನಾಲ್ಕು ಬೇರೆ ಬೇರೆ ಜೊತೆಗಾರರೊಂದಿಗೆ ಪುರುಷರ ಡಬಲ್ಸ್ ಗ್ರ್ಯಾನ್‌ಸ್ಲಾಮ್ ಗೆದ್ದರು. ಯಾರನ್ನು ಪಕ್ಕದಲ್ಲಿ ನಿಲ್ಲಿಸಿದರೂ ಮೇಲೆತ್ತಿದರು. ಬೋಪಣ್ಣ 2010ರಲ್ಲಿ ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್‌ನಲ್ಲಿ ಬ್ರಯಾನ್ ಸೋದರರಿಗೆ ಎರಡು ಟೈಬ್ರೇಕರ್‌ಗಳಲ್ಲಿ ಸೋತ ಮೇಲೆ ಅಂಥ ಮತ್ತೊಂದು ಫೈನಲ್‌ಗೆ ಹದಿಮೂರು ವರ್ಷ ಕಾಯಬೇಕಾಯಿತು. ಕೊನೆಗೆ ಕೈಹಿಡಿದ ಎಬ್ಡೆನ್ ಆಗಲೇ ವಿಂಬಲ್ಡನ್ ಚಾಂಪಿಯನ್ ಆಗಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಾನ್ ಪಿಯರ್ಸ್ ಜೊತೆ ಚಿನ್ನವನ್ನೂ ಗೆದ್ದರು. ಎಬ್ಡೆನ್ ಅವರಿಗೆ ಬೋಪಣ್ಣ ಬೇಕಾಗಿದ್ದಕ್ಕಿಂತ ಬೋಪಣ್ಣ ಅವರಿಗೆ ಎಬ್ಡೆನ್ ಹೆಚ್ಚು ಬೇಕಾಗಿತ್ತು. ಈ ಮಾತು ಮಡಿಕೇರಿಯಲ್ಲಿ ಹಿತವಾಗಿ ಕೇಳಿಸಲಿಕ್ಕಿಲ್ಲ.

ಒಲಿಂಪಿಕ್ಸ್ ಅವರ ದುರ್ಬಲ ಅಧ್ಯಾಯ. 2012ರಲ್ಲಿ ಪೇಸ್ ಜೊತೆ ಆಡಲು ಒಪ್ಪದ ಗಲಾಟೆಯಿಂದ ಯಾರಿಗೂ ಒಳಿತಾಗಲಿಲ್ಲ. 2016ರ ರಿಯೊದಲ್ಲಿ ಸಾನಿಯಾ ಮಿರ್ಜಾ ಜೊತೆ ಸೆಮಿಫೈನಲ್‌ನ ಮೊದಲ ಸೆಟ್ ಗೆದ್ದೂ ಪಂದ್ಯ ಕೈತಪ್ಪಿತು, ಆಮೇಲೆ ಕಂಚೂ. ಪ್ಯಾರಿಸ್‌ನಲ್ಲಿ ಮೊದಲ ಸುತ್ತಿಗೇ ಮುಗಿಯಿತು. ಪೇಸ್ ಕೊರಳಲ್ಲಿ 1996ರ ಅಟ್ಲಾಂಟಾ ಸಿಂಗಲ್ಸ್ ಕಂಚು ಇರುವಾಗ ಇಲ್ಲಿ ಹೋಲಿಕೆಗೇ ಜಾಗವಿಲ್ಲ. ಏಷ್ಯನ್ ಗೇಮ್ಸ್‌ನ ಎರಡು ಚಿನ್ನಗಳು ಆ ಕೊರತೆಯನ್ನು ತುಂಬಿಕೊಡವು.

ಆದರೆ ಅವರ ವೃತ್ತಿಯಲ್ಲಿ ಕಡಿಮೆ ಚರ್ಚೆಯಾದ ಒಂದು ದಿನವಿದೆ. 2010ರ ಸೆಪ್ಟೆಂಬರ್, ಚೆನ್ನೈ, ಬ್ರೆಜಿಲ್ ಎದುರು ಡೇವಿಸ್ ಕಪ್. 0–2 ಹಿಂದಿದ್ದ ಭಾರತ 2–2ಕ್ಕೆ ಬಂದಾಗ ಕೊನೆಯ ಸಿಂಗಲ್ಸ್‌ಗೆ ಇಳಿದದ್ದು ಸಿಂಗಲ್ಸ್ ರ‍್ಯಾಂಕಿಂಗ್‌ನಲ್ಲಿ ಎಂದೂ 200ರೊಳಗೆ ಬಾರದ ಬೋಪಣ್ಣ. ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ದೇಶವನ್ನು ವಿಶ್ವ ಗುಂಪಿನಲ್ಲಿ ಉಳಿಸಿದರು. ಅಲ್ಲಿ ಎಬ್ಡೆನ್ ಇರಲಿಲ್ಲ, ಮೂರು ಸೆಟ್‌ಗಳ ರಿಯಾಯಿತಿ ಇರಲಿಲ್ಲ, ಸರ್ವ್ ಒಂದಿತ್ತು. ಬೋಪಣ್ಣನವರನ್ನು ಪೇಸ್ ಪಕ್ಕದಲ್ಲಿ ನಿಲ್ಲಿಸಲು ಹೊರಟವರು ಮೆಲ್ಬರ್ನ್‌ಗಿಂತ ಮೊದಲು ಈ ಪಂದ್ಯವನ್ನು ಮುಂದಿಡಬೇಕು.

2025ರ ನವೆಂಬರ್ 1ರಂದು ಅವರು ವೃತ್ತಿ ಟೆನಿಸ್‌ಗೆ ವಿದಾಯ ಹೇಳಿದರು. ಕೊನೆಯ ಪಂದ್ಯ ಪ್ಯಾರಿಸ್‌ನಲ್ಲಿ, ಜೊತೆಗೆ ಅಲೆಕ್ಸಾಂಡರ್ ಬುಬ್ಲಿಕ್. ಭಾರತದ ಡಬಲ್ಸ್ ಪಟ್ಟಿಯಲ್ಲಿ ಪೇಸ್ ಮೊದಲು, ಭೂಪತಿ ಎರಡನೆಯವರು, ಮೂರನೆಯವರು ಬೋಪಣ್ಣ. ಮೊದಲ ಇಬ್ಬರ ನಡುವಿನ ಅಂತರಕ್ಕಿಂತ ಎರಡನೆಯ ಮತ್ತು ಮೂರನೆಯವರ ನಡುವಿನ ಅಂತರ ದೊಡ್ಡದು. ಕೊನೆಯ ಎರಡು ವರ್ಷಗಳು ಅದನ್ನು ಒಂದಿಷ್ಟು ಕಿರಿದು ಮಾಡಿದವು, ಅಳಿಸಲಿಲ್ಲ. ಕೊಡಗಿನ ಕ್ರೀಡಾಪಟುಗಳ ಪಟ್ಟಿ ಮಾಡುವುದಾದರೆ ಮಾತು ಬೇರೆ: ಗಣೇಶ್, ಸೋಮಯ್ಯ, ಅವರಂತೆಯೇ ಹಾಕಿಪಟುವಾದ ಗೋವಿಂದ ತಮ್ಮ ಹಿಂದೆ ಇಡೀ ಹಾಕಿ ನಾಡನ್ನು ಇಟ್ಟುಕೊಂಡು ಬೆಳೆದವರು, ಟೆನಿಸ್‌ನಲ್ಲಿ ಬೋಪಣ್ಣನವರಿಗೆ ಹೋಲಿಸಿಕೊಳ್ಳಲು ಊರಲ್ಲಿ ಒಬ್ಬ ಹಿರಿಯನೂ ಇರಲಿಲ್ಲ.