ಹವ್ಯಾಸಿ, ಶೌಕಿಯಾ, ಅತಾಯಿ

ಶಾಸ್ತ್ರೀಯ ಸಂಗೀತದ ಕಾಲ ಮುಗಿಯಿತು ಅನ್ನುವವರು ಯಾವಾಗಲೂ ವೇದಿಕೆಯ ಕಡೆಗೇ ನೋಡುತ್ತಾರೆ. ಗಂಗೂಬಾಯಿ ಹೋದರು, ಭೀಮಸೇನರು ಹೋದರು, ಇನ್ನು ಯಾರಿದ್ದಾರೆ? ನನಗೆ ಈ ಪ್ರಶ್ನೆಯೇ ಅರ್ಧ ತಪ್ಪು ಅನಿಸುತ್ತದೆ. ನಮ್ಮ ಸಯನ್‌ನ ಷಣ್ಮುಖಾನಂದ ಸಭಾಗೃಹದಲ್ಲಿ 2,700ಕ್ಕೂ ಹೆಚ್ಚು ಕುರ್ಚಿಗಳಿವೆ. ಹಾಡುವವರು ಒಬ್ಬರು. ಆ ಕುರ್ಚಿಗಳಲ್ಲಿ ಕೂತವರಿಗೆ ನಿಜವಾಗಿ ಏನು ಕೇಳಿಸುತ್ತದೆ ಅಂತ ನೀವು ಯಾವತ್ತಾದರೂ ಯೋಚಿಸಿದ್ದೀರಾ?

ದರ್ಬಾರಿ ರಾಗವನ್ನೇ ತಗೊಳ್ಳಿ. ಅದರ ಗಾಂಧಾರ ಕೋಮಲ. ಭಾತಖಂಡೆಯವರ ಸ್ವರಲಿಪಿಯಲ್ಲಿ 'ಗ' ಅಕ್ಷರದ ಕೆಳಗೊಂದು ಗೆರೆ ಎಳೆದರೆ ಕೆಲಸ ಮುಗಿಯಿತು. ಜೌನಪುರಿಗೂ ಅದೇ ಗೆರೆ. ಆದರೆ ದರ್ಬಾರಿಯಲ್ಲಿ ಆ ಸ್ವರ ಒಂದೆಡೆ ನಿಲ್ಲುವುದೇ ಇಲ್ಲ, ಭಾರವಾಗಿ, ನಿಧಾನವಾಗಿ ತೂಗುತ್ತದೆ. ಮನೆಯಲ್ಲಿ ಹತ್ತು ವರ್ಷ ಆ ಗಾಂಧಾರಕ್ಕಾಗಿ ಒದ್ದಾಡಿ ಸೋತ ಬ್ಯಾಂಕ್ ಗುಮಾಸ್ತನಿಗೆ, ಸಭೆಯಲ್ಲಿ ಅದು ಸರಿಯಾಗಿ ಬಿದ್ದ ಕೂಡಲೇ ಮೈ ಝುಂ ಅನ್ನುತ್ತದೆ. ಬರೀ ಟಿಕೆಟ್ ತಗೊಂಡು ಬಂದವನಿಗೆ ಕಾಣುವುದು ತಾನಿನ ವೇಗ, ಚಪ್ಪಾಳೆ ಅವನು ಅಲ್ಲೇ ಹೊಡೆಯುತ್ತಾನೆ. ಮುಂದಿನ ಸಲ ಹಾಡುವವರೂ ಚಪ್ಪಾಳೆ ಬಿದ್ದ ಕಡೆಗೇ ಓಡುತ್ತಾರೆ. ಯಾವ ದೊಡ್ಡ ಗವಾಯಿಯೂ ಸಾಯದೆ ಸಂಗೀತ ಕೆಡುವುದು ಹೀಗೆ. ಅದಕ್ಕೇ ನನ್ನ ಚಿಂತೆಯೆಲ್ಲ ಆ ಗುಮಾಸ್ತನ ಬಗ್ಗೆ.

ಅವನಿಗೆ ಕನ್ನಡದಲ್ಲಿ ಹವ್ಯಾಸಿ ಅನ್ನುತ್ತೇವೆ, ಮರ್ಯಾದೆಯ ಮಾತೇ. ಉರ್ದುವಿನಲ್ಲಿ ಎರಡು ಮಾತುಗಳಿವೆ. ಶೌಕಿಯಾ ಅಂದರೆ ಪ್ರೀತಿಗೆ ಹಾಡುವವ. ಅತಾಯಿ ಅಂದರೆ ಉಸ್ತಾದರ ಮುಂದೆ ಕೂತು ಕಲಿಯದವ. ಓದದೆ ಔಷಧಿ ಕೊಡುವ ಡಾಕ್ಟರಿಗೂ ಅದೇ ಬೈಗುಳ. ಖಾನ್‌ದಾನಿ ಗವಾಯಿಗಳು ಹೊರಗಿನವರನ್ನು ಅತಾಯಿ ಅಂದಾಗ ಅದರಲ್ಲಿ ಅಹಂಕಾರ ಇತ್ತು, ಹೊಟ್ಟೆಪಾಡಿನ ಭಯವೂ ಇತ್ತು. ಭಯ ಸುಳ್ಳಾಗಲಿಲ್ಲ ಅನ್ನಿ.

ಯಾಕೆಂದರೆ ಭಾತಖಂಡೆಯವರೇ ಹವ್ಯಾಸಿ. ಓದಿದ್ದು ವಕೀಲಿ. ಮುಂಬೈಯ ಪಾರ್ಸಿಗಳು 1870ರಲ್ಲಿ ಕಟ್ಟಿದ ಗಾಯನ ಉತ್ತೇಜಕ ಮಂಡಳಿ ಸೇರಿ ಕಲಿತವರು. ಉಸ್ತಾದರ ಬಾಗಿಲು ಕಾದು ಚೀಜುಗಳನ್ನು ಕೂಡಿಹಾಕಿ, ಕ್ರಮಿಕ ಪುಸ್ತಕ ಮಾಲಿಕೆಯ ಆರು ಭಾಗಗಳಲ್ಲಿ ಅಚ್ಚು ಹಾಕಿಸಿದರು. ಅದೇ ಉಸ್ತಾದರಿಗೆ ಶಾಸ್ತ್ರ ತಿಳಿಯದು ಅನ್ನುವ ಅವರ ಧೋರಣೆ ನನಗೆ ಹಿಡಿಸುವುದಿಲ್ಲ. ತಿಳಿಯದವರ ಹತ್ತಿರ ಕಲಿಯೋಕೆ ಯಾರಾದರೂ ಹೋಗುತ್ತಾರಾ, ನೀವೇ ಹೇಳಿ. ಆದರೂ ಆ ಪುಸ್ತಕ ಇಲ್ಲದಿದ್ದರೆ ಗುಮಾಸ್ತನಿಗೂ ಅವನ ಮಗಳಿಗೂ ಈ ಸಂಗೀತದ ಬಾಗಿಲು ತೆರೆಯುತ್ತಿರಲಿಲ್ಲ.

ಪುಸ್ತಕ ಮತ್ತು ಖಾನ್‌ದಾನಿ ಗಂಟಲು ಎರಡೂ ಕೂಡಿದ ಜಾಗ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಸಯನ್‌ನ ವಲ್ಲಭ ಸಂಗೀತಾಲಯವನ್ನು ಕಟ್ಟಿದ ಸ್ವಾಮಿ ವಲ್ಲಭದಾಸರು ಆಗ್ರಾ ಘರಾನೆಯ ಉಸ್ತಾದ್ ಫೈಯಾಜ್ ಖಾನರ ಶಿಷ್ಯರು. ಅಲ್ಲಿ ಬಹುಕಾಲ ಕಲಿಸಿದವರು ಕೆ.ಜಿ. ಗಿಂಡೆ. 1925ರಲ್ಲಿ ಬೈಲಹೊಂಗಲದಲ್ಲಿ ಹುಟ್ಟಿದವರು, ಹುಡುಗನಾಗಿದ್ದಾಗಲೇ ಲಖನೌಗೆ ಹೋಗಿ ರಾತಂಜನಕರ್ ಅವರಲ್ಲಿ ಕಲಿತವರು. ರಾತಂಜನಕರ್ ಭಾತಖಂಡೆಯವರ ಶಿಷ್ಯರೂ ಹೌದು, ಫೈಯಾಜ್ ಖಾನರ ಶಿಷ್ಯರೂ ಹೌದು. ಗಿಂಡೆಯವರ ಧ್ವನಿಮುದ್ರಣ ಹುಡುಕಿ ಕೇಳಿ. ರಂಜಿಸುವ ಆತುರವಿಲ್ಲ, ಚೀಜನ್ನು ಪಾಠದ ಹಾಗೆ ಬಿಡಿಸಿ ಮುಂದಿಡುತ್ತಾರೆ. ಒಣ ಹಾಡು ಅನ್ನುವವರಿದ್ದಾರೆ, ಸ್ವಲ್ಪ ನಿಜವೂ ಹೌದು. ಆದರೆ ಕಲಿಯುವವನಿಗೆ ಬೇಕಾದದ್ದು ಅಂಥದೇ. ಫೈಯಾಜ್ ಖಾನರ ನೋಮ್-ತೋಮ್ ಆಲಾಪ ಕೇಳಿ ಬೆರಗಾಗಬಹುದು, ಮನೆಗೆ ಹೋಗಿ ಅದನ್ನು ಎಲ್ಲಿಂದ ಹಿಡಿಯಬೇಕು ಅಂತ ತಿಳಿಯುವುದಿಲ್ಲ.

ಈಗ ಆ ಜಾಗಕ್ಕೆ ಸರ್ಟಿಫಿಕೇಟು ಬಂದಿದೆ. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ. ನಾನು ಬಿ.ಎಡ್. ಮಾಡಿದವನು, ಪರೀಕ್ಷೆ ಬೇಡ ಅನ್ನಲಾರೆ. ಪರೀಕ್ಷೆ ಇಲ್ಲದಿದ್ದರೆ ಎಷ್ಟೋ ಮಕ್ಕಳು ಎರಡನೇ ತಿಂಗಳಿಗೇ ಬಿಡುತ್ತಾರೆ. ಆದರೆ ವಹಿಯಲ್ಲಿ ಬರೆದ ತಾನನ್ನು ಬಾಯಿಪಾಠ ಮಾಡಿ ಒಪ್ಪಿಸಿದ ಹುಡುಗಿ, ವಿಶಾರದ ಮುಗಿದ ಮೇಲೆ ತಂಬೂರಿಯನ್ನು ಅಟ್ಟದ ಮೇಲಿಟ್ಟರೆ, ಅವಳು ಹವ್ಯಾಸಿಯಾಗಲೇ ಇಲ್ಲ, ಪರೀಕ್ಷಾರ್ಥಿಯಾಗಿಯೇ ಉಳಿದಳು.

ನಮ್ಮ ಮನೆಗಳ ಮಾತಿಗೆ ಬರೋಣ. ಅಬ್ದುಲ್ ಕರೀಂ ಖಾನ್, ಅಲ್ಲಾದಿಯಾ ಖಾನ್, ಫೈಯಾಜ್ ಖಾನ್, ಈ ಹೆಸರುಗಳನ್ನು ಭಾಷಣದಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ಮಗ ಹಾಡು ಕಲೀತೀನಿ ಅಂದರೆ ಮಾತ್ರ, ಅದೆಲ್ಲ ನಮಗ್ಯಾಕಪ್ಪಾ ಅನ್ನುತ್ತೇವೆ. ಧರ್ಮದ ದೃಷ್ಟಿಯಿಂದ ಒಲ್ಲೆ ಅನ್ನುವವರ ಜೊತೆ ನನ್ನ ಜಗಳವಿಲ್ಲ, ಅವರ ಮಾತಿನಲ್ಲಿ ಒಂದು ನಿಯತ್ತಿದೆ. ಮದುವೆಗೆ ಡಿಜೆ ಹಾಕಿಸಿ, ಮಗಳ ಹಾರ್ಮೋನಿಯಂಗೆ ಬೇಡ ಅನ್ನುವವರಿಗೆ ಈ ಮಾತು. ಉಸ್ತಾದರನ್ನು ಹೆತ್ತ ಸಮಾಜದಲ್ಲಿ ಶೌಕಿಯಾಗಳು ಇಷ್ಟು ಕಡಿಮೆ ಯಾಕೆ? ಹಾಡುವುದು ಆ ಖಾನ್‌ದಾನುಗಳ ಕಸುಬು, ಶರೀಫರ ಕೆಲಸವಲ್ಲ ಅಂತ ದೂರ ಇಟ್ಟೆವು. ಕಸುಬು ಅವರ ಕೈಜಾರಿದಾಗ ಹಿಡಿದುಕೊಳ್ಳಲು ನಮ್ಮಲ್ಲಿ ಯಾರೂ ಇರಲಿಲ್ಲ.

ಶಾಲೆಯಲ್ಲಿ ನಾತ್ ಹಾಡುವ ಮಕ್ಕಳನ್ನು ಗಮನವಿಟ್ಟು ಕೇಳಿ. ಕೆಲವರ ತರನ್ನುಮ್‌ನಲ್ಲಿ ಭೈರವಿ, ಪಹಾಡಿ ಸಲೀಸಾಗಿ ಸುಳಿಯುತ್ತವೆ. ಅದರ ಹೆಸರು ಆ ಮಕ್ಕಳಿಗೆ ಗೊತ್ತಿಲ್ಲ, ಹೇಳಿಕೊಡುವ ಟೀಚರಿಗೂ ಗೊತ್ತಿಲ್ಲ. ಅದಕ್ಕೆ ಪಂಡಿತರೋ ಉಸ್ತಾದರೋ ಬರಬೇಕಿಲ್ಲ. ವಾರಕ್ಕೊಂದು ಗಂಟೆ, ಆಫೀಸು ಮುಗಿಸಿ ಬಂದ ಒಬ್ಬ ಅತಾಯಿ ಸಾಕು.